ಕಪ್ ಯಾರದು, ಅಂಕ ಯಾರದು?

2009ರ ಫೆಬ್ರವರಿ 23ರಂದು ಇಂಗ್ಲೆಂಡಿನ ಬಿಬಿಸಿ ಟೂ ಚಾನೆಲ್ಲಿನಲ್ಲಿ ಒಂದು ಕ್ವಿಜ್ ಫೈನಲ್ ಪ್ರಸಾರವಾಯ್ತು. ಕಾರ್ಯಕ್ರಮದ ಹೆಸರು ‘ಯೂನಿವರ್ಸಿಟಿ ಚಾಲೆಂಜ್’. 1962ರಲ್ಲಿ ಶುರುವಾದ, ಕಾಲೇಜು ವಿದ್ಯಾರ್ಥಿಗಳ ಕ್ವಿಜ್ ಇದು. ಒಂದೊಂದು ತಂಡದಲ್ಲಿ ನಾಲ್ಕು ಜನ. 10 ಅಂಕದ ಪ್ರಶ್ನೆಗೆ ಬಜರ್ ಒತ್ತಿದವರು ಒಬ್ಬರೇ ಉತ್ತರ ಹೇಳಬೇಕು, ಪಕ್ಕದವರನ್ನು ಕೇಳೋ ಹಾಗಿಲ್ಲ. ಸರಿಯಾದರೆ ಆ ತಂಡಕ್ಕೆ 5 ಅಂಕದ ಇನ್ನೂ ಮೂರು ಪ್ರಶ್ನೆ. ಅವಕ್ಕೆ ನಾಲ್ಕೂ ಜನ ತಲೆ ಸೇರಿಸಿ ಪಿಸುಗುಟ್ಟಬಹುದು.

ಅವತ್ತಿನ ಫೈನಲ್ ಆಕ್ಸ್‌ಫರ್ಡಿನ ಕಾರ್ಪಸ್ ಕ್ರಿಸ್ಟಿ ಕಾಲೇಜಿಗೂ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯಕ್ಕೂ ನಡುವೆ. ಕಾರ್ಪಸ್ ಕ್ರಿಸ್ಟಿ 275, ಮ್ಯಾಂಚೆಸ್ಟರ್ 190. ಗೆದ್ದ ತಂಡದ ನಾಯಕಿ ಗೇಲ್ ಟ್ರಿಂಬಲ್ ಇಡೀ ಸರಣಿಯಲ್ಲಿ ತಂಡದ ಹೆಚ್ಚಿನ ಅಂಕಗಳನ್ನು ತಾನೇ ಗಳಿಸಿ ಪತ್ರಿಕೆಗಳಲ್ಲೆಲ್ಲ ಸುದ್ದಿಯಾಗಿದ್ದಳು.

ಒಂದು ವಾರ ಕಳೆಯಿತು. ಮಾರ್ಚ್ 2ಕ್ಕೆ ಬಿಬಿಸಿ ಆ ಪ್ರಶಸ್ತಿ ವಾಪಸ್ ತಗೊಂಡು ಮ್ಯಾಂಚೆಸ್ಟರ್‌ಗೆ ಕೊಟ್ಟಿತು. ಕಾರಣ ಇಷ್ಟೇ: ಗೆದ್ದ ನಾಲ್ವರಲ್ಲಿ ಒಬ್ಬ ಫೈನಲ್ ಹೊತ್ತಿಗೆ ವಿದ್ಯಾರ್ಥಿಯಾಗಿರಲಿಲ್ಲ. ಮೊದಲ ಸುತ್ತುಗಳ ಚಿತ್ರೀಕರಣದಲ್ಲಿ ಅವನು ವಿದ್ಯಾರ್ಥಿಯೇ. ಮುಂದೆ ಪಿಎಚ್‌ಡಿ ಮಾಡೋ ಆಸೆ ಇತ್ತು, ಅದಕ್ಕೆ ದುಡ್ಡು ಸಿಗಲಿಲ್ಲ, ಒಂದು ಅಕೌಂಟಿಂಗ್ ಕಂಪನಿಯಲ್ಲಿ ಕೆಲಸಕ್ಕೆ ಸೇರಿಕೊಂಡ. ಸರಣಿಯ ಶೂಟಿಂಗ್ ಮಾತ್ರ ಎರಡು ಶೈಕ್ಷಣಿಕ ವರ್ಷಗಳ ಮೇಲೆ ಹರಡಿಕೊಂಡಿತ್ತು.

ಇದು ನ್ಯಾಯವಾ? ಯೂಟ್ಯೂಬಿನಲ್ಲಿ ಆ ಪಂದ್ಯ ನೋಡಿದ ಮೇಲೆ ಈ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ.

‘ಅಷ್ಟಕ್ಕೆಲ್ಲಾ ಕಪ್ ಕಿತ್ಕೋಬೇಕಾ?’ ಅನ್ನೋದು ಯಾರಿಗೂ ಮೊದಲು ಬರೋ ಮಾತು. ಆ ಹುಡುಗ ಉತ್ತರ ಕದಿಯಲಿಲ್ಲ. ಕೆಲಸಕ್ಕೆ ಸೇರಿದ ಕೂಡಲೇ ತಲೆಯಲ್ಲಿರೋದು ಹೆಚ್ಚೂ ಆಗಲ್ಲ, ಕಡಿಮೆಯೂ ಆಗಲ್ಲ. ಆದರೂ ಬಿಬಿಸಿ ಮಾಡಿದ್ದು ಸರಿ ಅಂತಲೇ ನನ್ನ ಲೆಕ್ಕ. ನಿಯಮ ಇರೋದು ವೇದಿಕೆ ಮೇಲಿರೋ ಎಂಟು ಜನರಿಗೆ ಮಾತ್ರ ಅಲ್ಲ. ಓದು ಮುಗಿದಿದೆ ಅಂತ ತಾವಾಗಿಯೇ ಹೆಸರು ಕೊಡದೆ ಉಳಿದವರು ಎಷ್ಟೋ ಕಾಲೇಜುಗಳಲ್ಲಿ ಇದ್ದಿರಬೇಕು. ಅವರಷ್ಟೇ ಗಟ್ಟಿಗನನ್ನು ಮನೆಯಲ್ಲಿ ಬಿಟ್ಟು ಬಂದು ಸೋತ ತಂಡಗಳೂ ಇದ್ದಿರಬೇಕು. ಅವರ್ಯಾರೂ ಟೀವಿಯಲ್ಲಿ ಕಾಣಲ್ಲ. ಕಾಣದವರ ಪರವಾಗಿ ಮಾತಾಡೋದು ನಿಯಮ ಒಂದೇ.

ಸರಿ, ಕಪ್ ಮ್ಯಾಂಚೆಸ್ಟರ್‌ಗೆ ಹೋಯ್ತು. ಆದರೆ ಆ 85 ಅಂಕದ ಅಂತರ? ಅದನ್ನು ಯಾರೂ ವರ್ಗಾಯಿಸೋಕಾಗಲ್ಲ. ಅವತ್ತು ಬಜರ್ ಒತ್ತಿದ ಕೈಗಳು, ಬಾಯಿಗೆ ಬಂದ ಉತ್ತರಗಳು ಹಾಗೇ ಇವೆ. ಮ್ಯಾಂಚೆಸ್ಟರ್‌ಗೆ ಕಪ್ಪಿನ ಮೇಲೆ ಪೂರ್ತಿ ಹಕ್ಕಿದೆ. ಹಾಗಂತ ಅವತ್ತಿನ ಆಟ ಅವರು ಚೆನ್ನಾಗಿ ಆಡಿದರು ಅಂತ ಆಗಲ್ಲ.

ತೊಡಕಿರೋದು ಇಲ್ಲೇ. ಕನ್ನಡದಲ್ಲಿ ನಾವು ಎರಡಕ್ಕೂ ‘ಅರ್ಹತೆ’ ಅಂತ ಒಂದೇ ಪದ ಬಳಸ್ತೀವಿ. ಸರ್ಕಾರಿ ಅಧಿಸೂಚನೆಯಲ್ಲಿ ‘ಅರ್ಹತೆ’ ಅಂದರೆ ವಯಸ್ಸು, ಪದವಿ, ಶೇಕಡಾವಾರು ಅಂಕ. ಮಾತಿನಲ್ಲಿ ‘ಅವನಿಗೆ ಅರ್ಹತೆ ಇಲ್ಲ ಬಿಡ್ರಿ’ ಅಂದರೆ ಅವನ ಯೋಗ್ಯತೆ ಅಷ್ಟೇ ಅಂತ. ಮೊದಲನೆಯದು ಕಾಗದದ ಮೇಲೆ ಎಳೆದ ಗೆರೆ, ಎರಡನೆಯದು ಮನುಷ್ಯನ ತೂಕ. ಅಮೆರಿಕದ ಚಿಂತಕ ಜಾನ್ ರಾಲ್ಸ್ 1971ರ ‘ಎ ಥಿಯರಿ ಆಫ್ ಜಸ್ಟೀಸ್’ ಪುಸ್ತಕದಲ್ಲಿ ಇವೆರಡನ್ನೂ ಬಿಡಿಸಿಡುತ್ತಾನೆ. ನಿಯಮದ ಪ್ರಕಾರ ನಿನಗೆ ಬರಬೇಕಾದದ್ದು ನಿನಗೆ ಬರಲಿ, ಆದರೆ ಅದನ್ನೇ ನಿನ್ನ ಯೋಗ್ಯತೆಯ ಅಳತೆ ಅಂದುಕೊಳ್ಳಬೇಡ ಅನ್ನೋದು ಅವನ ವಾದದ ಒಟ್ಟು ತಾತ್ಪರ್ಯ.

ಇಂಗ್ಲೆಂಡಿನ ಕಪ್ಪಿನ ಕಥೆ ನನಗೆ ಯಾಕೆ ಅಂತೀರಾ? ನಾನು ಬಿಇ ಸೇರಿದ್ದು ರೂರಲ್ ಕೋಟಾದಲ್ಲಿ. ನಮ್ಮ ರಾಜ್ಯದ ಇಂಜಿನಿಯರಿಂಗ್ ಸೀಟುಗಳಲ್ಲಿ ಶೇ. 15ರಷ್ಟು ಗ್ರಾಮೀಣ ಅಭ್ಯರ್ಥಿಗಳಿಗೆ ಮೀಸಲು. ಒಂದರಿಂದ ಹತ್ತನೇ ಕ್ಲಾಸಿನವರೆಗೆ, ಹತ್ತೂ ವರ್ಷ, ಹಳ್ಳಿಯಲ್ಲೇ ಓದಿರಬೇಕು. ಹೆಡ್ ಮಾಸ್ಟರ್ ಬರೆದುಕೊಟ್ಟ ಸರ್ಟಿಫಿಕೇಟಿಗೆ ಬಿಇಒ ಸಹಿ ಬೀಳಬೇಕು.

ನಮ್ಮೂರಲ್ಲಿ ಇದ್ದದ್ದು ಏಳನೇ ಕ್ಲಾಸಿನವರೆಗೆ ಮಾತ್ರ. ಆಮೇಲೆ ನನ್ನನ್ನು ಅಜ್ಜಿ ಊರಿಗೆ ಕಳಿಸಿದರು. ಅದೂ ಹಳ್ಳಿಯೇ, ಆದರೆ ಹೈಸ್ಕೂಲಿತ್ತು. ಏಳು ವರ್ಷ ನನ್ನ ಪಕ್ಕದಲ್ಲೇ ಕೂತು, ಲೆಕ್ಕದಲ್ಲಿ ನನಗಿಂತ ಯಾವಾಗಲೂ ಮುಂದಿದ್ದ ಗೆಳೆಯನಿಗೆ ಅಂಥ ಅಜ್ಜಿ ಇರಲಿಲ್ಲ. ಅವನು ತಾಲ್ಲೂಕು ಕೇಂದ್ರದ ಹಾಸ್ಟೆಲ್ ಸೇರಿದ. ಅಲ್ಲಿಗೆ ಅವನ ಹತ್ತು ವರ್ಷ ಏಳಕ್ಕೆ ನಿಂತಿತು. ನನಗಿಂತ ಬಡವ, ನನಗಿಂತ ಚುರುಕು, ಆದರೆ ಕಾಗದದ ಪ್ರಕಾರ ಪಟ್ಟಣದ ಹುಡುಗ. ಡಿಪ್ಲೊಮಾ ಮಾಡಿ ಈಗ ಪೀಣ್ಯದಲ್ಲಿ ಸಿಎನ್‌ಸಿ ಮಷಿನ್‌ಗಳಿಗೆ ಪ್ರೋಗ್ರಾಮ್ ಬರೀತಾನೆ. ಒಮ್ಮೆ ಈ ಮಾತು ಬಂದಾಗ ನಕ್ಕು, ‘ಗೆರೆ ಎಳೆದೋರು ನಮ್ಮೂರು ನೋಡಿರ್ಲಿಲ್ಲ ಕಣೋ’ ಅಂದ.

ತಮಾಷೆ ನೋಡಿ. 2000ದಲ್ಲಿ ಕರ್ನಾಟಕ ಸರ್ಕಾರ ಮತ್ತು ಟಿಸಿಎಸ್ ಸೇರಿ ಶುರು ಮಾಡಿದ ಗ್ರಾಮೀಣ ಐಟಿ ಕ್ವಿಜ್ ಇದೆ. 8ರಿಂದ 12ನೇ ತರಗತಿಯವರಿಗೆ. ಅದರ ಗೆರೆಯೇ ಬೇರೆ. ಮಹಾನಗರ ಪಾಲಿಕೆ ವ್ಯಾಪ್ತಿಯ ಹೊರಗಿನ ಶಾಲೆಯಾದರೆ ಸಾಕು, ಸಣ್ಣ ಪಟ್ಟಣವಾದರೂ ನಡೆಯುತ್ತೆ. ಅಂದರೆ ನನ್ನ ಗೆಳೆಯ ಕ್ವಿಜ್ ವೇದಿಕೆ ಮೇಲೆ ಹಳ್ಳಿ ಹುಡುಗ, ಸೀಟು ಹಂಚುವಾಗ ಪಟ್ಟಣದ ಹುಡುಗ! ನಾನೀಗ ಇರೋ ಬ್ಯಾಡರಹಳ್ಳಿಯನ್ನೇ ತಗೊಳ್ಳಿ. ಹೆಸರಲ್ಲಿ ಹಳ್ಳಿ, ವಿಳಾಸದಲ್ಲಿ ಬೆಂಗಳೂರು. ಇದೇ ಮಾಗಡಿ ರಸ್ತೆಯಲ್ಲಿ ತಾವರೆಕೆರೆ ಕಡೆ ಸ್ವಲ್ಪ ದೂರ ಹೋದರೆ ಗ್ರಾಮ ಪಂಚಾಯ್ತಿಗಳು ಶುರು. ಒಂದೇ ಬಸ್ಸಿನಲ್ಲಿ ಓಡಾಡೋ ಮಕ್ಕಳು, ಗೆರೆಯ ಆಚೆ ಒಂದಷ್ಟು, ಈಚೆ ಒಂದಷ್ಟು.

ಹಾಗಾದರೆ ಗೆರೆಗಳೇ ಬೇಡವಾ? ಬೇಕು. ಗೆರೆ ಅಳಿಸಿದರೆ ಮೊದಲು ಒಳಗೆ ನುಗ್ಗೋದು ನನ್ನ ಗೆಳೆಯ ಅಲ್ಲ, ಕೋಚಿಂಗಿಗೆ ಲಕ್ಷ ಸುರಿಯೋ ಮನೆಯವರು. ರೂರಲ್ ಕೋಟಾ ಇಲ್ಲದಿದ್ದರೆ ನನ್ನಂಥ ಎಷ್ಟೋ ಜನ ಇವತ್ತು ಇಲ್ಲಿ ಇರ್ತಾ ಇರಲಿಲ್ಲ. ಬೇಡದ್ದು ಗೆರೆಯನ್ನು ತಕ್ಕಡಿ ಅಂದುಕೊಳ್ಳೋದು. ಆಫೀಸಿನ ಕ್ಯಾಂಟೀನಿನಲ್ಲಿ ‘ಅವ್ನು ಕೋಟಾದಲ್ಲಿ ಬಂದೋನು’ ಅಂತ ಮೂಗು ಮುರಿಯೋರು ಮಾಡೋದು ಅದನ್ನೇ. ‘ನಾನು ಕಷ್ಟಪಟ್ಟೆ, ಗೆದ್ದೆ, ಅವನಿಗೆ ತಾಕತ್ತಿರಲಿಲ್ಲ’ ಅನ್ನೋ ನಮ್ಮ ಹಳ್ಳಿ ಹುಡುಗರು ಮಾಡೋದೂ ಅದನ್ನೇ. ಕಷ್ಟಪಟ್ಟದ್ದು ನಿಜ. ಅಜ್ಜಿ ಇದ್ದದ್ದೂ ನಿಜ.

ಚಂದನ ವಾಹಿನಿಯಲ್ಲಿ 2002ರ ಜನವರಿಯಲ್ಲಿ ಶುರುವಾದ, ಡಾ. ನಾ. ಸೋಮೇಶ್ವರ ಅವರು ನಡೆಸಿಕೊಡೋ ‘ಥಟ್ ಅಂತ ಹೇಳಿ’ ನನಗೆ ಇಷ್ಟವಾಗೋದು ಇದೇ ಕಾರಣಕ್ಕೆ. ಅಲ್ಲಿ ಸರಿ ಉತ್ತರಕ್ಕೆ ಪುಸ್ತಕ ಕೊಡ್ತಾರೆ. ಒಟ್ಟು ಅಂಕದಲ್ಲಿ ಹಿಂದೆ ಬಿದ್ದವರೂ ತಾವು ಉತ್ತರ ಹೇಳಿ ಗಳಿಸಿದ ಪುಸ್ತಕ ಹಿಡಿದುಕೊಂಡು ಮನೆಗೆ ಹೋಗ್ತಾರೆ. ಗೆದ್ದವರು ಯಾರು ಅನ್ನೋದು ಒಂದು ಲೆಕ್ಕ, ನಿನಗೆ ಗೊತ್ತಿದ್ದದ್ದು ಏನು ಅನ್ನೋದು ಇನ್ನೊಂದು. ಎರಡಕ್ಕೂ ಅಲ್ಲಿ ಜಾಗ ಇದೆ. ನಮ್ಮ ಕಾಲೇಜು, ಕಂಪನಿಗಳಲ್ಲಿ ಎರಡನೇ ಲೆಕ್ಕದ ಪುಸ್ತಕವೇ ಇಲ್ಲ.

ಹಾಗಾಗಿ ಗೆರೆಯ ಒಳಗೆ ಬಿದ್ದವರ ಮೇಲೆ ಒಂದು ಋಣ ಇದೆ ಅಂತ ನಾನು ನಂಬ್ತೀನಿ. ಕಪ್ ವಾಪಸ್ ಕೊಡೋದಲ್ಲ, ಮ್ಯಾಂಚೆಸ್ಟರ್ ಕೊಡಬೇಕಾಗಿರಲಿಲ್ಲ, ನಾನೂ ನನ್ನ ಡಿಗ್ರಿ ಕೊಡಲ್ಲ. ಕದ್ದು ಯಾರನ್ನೋ ಗೆರೆ ದಾಟಿಸೋದೂ ಅಲ್ಲ, ಅದು ಇನ್ನೊಬ್ಬ ಕಾಣದವನಿಗೆ ಮಾಡೋ ಮೋಸ. ಗೆರೆ ತಪ್ಪು ಜಾಗದಲ್ಲಿದ್ದರೆ ಸರಿಸಿ ಅಂತ ಬಾಯಿಬಿಟ್ಟು ಕೇಳೋದು. ಹೊರಗೆ ನಿಂತವನು ಕೇಳಿದರೆ ಹೊಟ್ಟೆಯುರಿ ಅಂತಾರೆ. ಒಳಗಿರೋನು ಕೇಳಿದರೆ ಕಿವಿಗೊಡ್ತಾರೆ.

ನಮ್ಮ ಟೀಮಿಗೆ ಜನ ತಗೊಳ್ಳೋ ಪಟ್ಟಿಯಲ್ಲಿ ‘ಬಿಇ, ಶೇ. 60 ಕಡ್ಡಾಯ’ ಅಂತ ಒಂದು ಸಾಲಿದೆ. ಪ್ರೋಗ್ರಾಮಿಂಗ್ ಗೊತ್ತಿರೋ ಡಿಪ್ಲೊಮಾದವರೂ ಪರೀಕ್ಷೆ ಬರೆಯಲಿ ಅಂತ ಹೋದ ತಿಂಗಳು ನಮ್ಮ ಎಚ್‌ಆರ್‌ಗೆ ಮೇಲ್ ಹಾಕಿದೆ. ‘ನೋಡೋಣ’ ಅಂದಿದ್ದಾರೆ. ಈ ವಾರ ಮತ್ತೆ ಕೇಳಬೇಕು.