ಬಾವಿಯ ತಳದ ಮುಂಬಯಿ

ಮುಂಬಯಿಯ ಜೋಗೇಶ್ವರಿ ಅಂದರೆ ನಮಗೆ ಗುಡ್ಡ ಕೊರೆದು ಮಾಡಿದ ಆರನೇ ಶತಮಾನದ ಗುಹಾಲಯ ನೆನಪಾಗುತ್ತದೆ, ಲೋಕಲ್ ರೈಲಿನ ನೂಕುನುಗ್ಗಲು ನೆನಪಾಗುತ್ತದೆ. ಅಲ್ಲಿನ ಅಂಧ ಮಕ್ಕಳ ಶಾಲೆಯೊಂದರ ಆವರಣದಲ್ಲಿ ಸುಮಾರು 40 ಅಡಿ ಆಳದ ಬಾವಿಯಿದೆ. 2019ರಲ್ಲಿ ಅದರಲ್ಲೊಂದು ಮೀನು ಸಿಕ್ಕಿತು. ನೋಡಿದವರು ಮೀನು ಅನ್ನಲಾರರು, ಉದ್ದನೆಯ ಎರೆಹುಳು ಅಂದಾರು. ಕೆಂಪು ಮೈ. ಹುರುಪೆಯಿಲ್ಲ, ಈಜುರೆಕ್ಕೆಯಿಲ್ಲ, ಕಣ್ಣೂ ಇಲ್ಲ. ಹಾವುಮೀನಿನ ಹೊಸ ಜಾತಿಯೆಂದು ಗುರುತಿಸಿದ ವಿಜ್ಞಾನಿಗಳು 2021ರಲ್ಲಿ 'ರಕ್ತಮಿಕ್ತಿಸ್ ಮುಂಬಾ' ಎಂದು ಹೆಸರಿಟ್ಟರು. ಈ ಊರಿಗೆ ಹೆಸರು ಕೊಟ್ಟ ಮುಂಬಾದೇವಿ ಆ ಮೀನಿಗೂ ಹೆಸರು ಕೊಟ್ಟಳು.

ಪಾಪ, ಕಣ್ಣಿಲ್ಲ ಎಂದು ಮರುಗಬೇಕಿಲ್ಲ. ಕಣ್ಣು ದುಬಾರಿ ಅಂಗ. ಅದನ್ನು ಸಾಕಲು ಪ್ರಾಣಿ ದಿನವೂ ಶಕ್ತಿ ಸುರಿಯಬೇಕು. ಬಂಡೆಯ ಬಿರುಕಿನ ಕತ್ತಲಲ್ಲಿ, ಮಳೆನೀರು ಹೊತ್ತು ತಂದದ್ದೇ ಊಟವಾಗಿರುವಲ್ಲಿ, ಆ ಖರ್ಚು ಯಾವ ಪುರುಷಾರ್ಥಕ್ಕೆ? ಮೆಕ್ಸಿಕೋದ ಗುಹೆಮೀನಿನಲ್ಲಿ ಇದನ್ನು ಕಣ್ಣಾರೆ ಕಂಡಿದ್ದಾರೆ. ಭ್ರೂಣಕ್ಕೆ ಮೊದಲು ಕಣ್ಣು ಮೂಡುತ್ತದೆ. ಆಮೇಲೆ ಅದು ಕರಗುತ್ತಾ ಹೋಗುತ್ತದೆ, ಮೇಲೆ ಚರ್ಮ ಬೆಳೆದು ಮುಚ್ಚುತ್ತದೆ. ಅತ್ತ ರುಚಿಮೊಗ್ಗುಗಳು ಹೆಚ್ಚುತ್ತವೆ, ನೀರು ಕೊಂಚ ಕದಲಿದರೂ ಹಿಡಿಯುವ ಸೂಕ್ಷ್ಮ ಅಂಗಗಳು ಮುಖದ ತುಂಬ ಹರಡುತ್ತವೆ. ಹೀಗಾಗಲು ಎಷ್ಟೋ ತಲೆಮಾರು ಹಿಡಿದಿರಬಹುದು.

ಕೇರಳದಲ್ಲಿ ಇಂಥ ಜೀವಗಳು ಮನೆಬಾವಿಯಲ್ಲೇ ಸಿಗುತ್ತವೆ. ಕೊಟ್ಟಾಯಂನ ಬಾವಿಗಳ ಕುರುಡು ಮೀನಿಗೆ 1950ರಲ್ಲೇ ವೈಜ್ಞಾನಿಕ ಹೆಸರು ಬಿತ್ತು. ನೆಲದಡಿಯ ಆ ಲೋಕಕ್ಕೆ ನಾವು ಇಣುಕಲು ಇರುವ ಮುಖ್ಯ ಕಿಂಡಿ ಬಾವಿ. ಮುಂಬಯಿಯಲ್ಲಿ ಆ ಕಿಂಡಿಗಳನ್ನು ನಾವೇ ಮುಚ್ಚಿದೆವು. ಮಲೇರಿಯಾಕ್ಕೆ ಹೆದರಿ ಕೆಲವು, ಜಾಗದ ಆಸೆಗೆ ಕೆಲವು. ಚರ್ಚ್‌ಗೇಟ್ ಬಳಿಯ ಭೀಖಾ ಬೆಹ್ರಾಮ್ ಬಾವಿ 1725ರಿಂದ ಇಂದಿಗೂ ಉಳಿದಿರುವುದು ಪಾರ್ಸಿಗಳ ಶ್ರದ್ಧೆಯಿಂದ. ಶ್ರದ್ಧೆ ಕಾಯದ ಬಾವಿಗಳ ಮೇಲೆ ಎಷ್ಟೋ ಕಡೆ ಕಾಂಕ್ರೀಟು ಬಿದ್ದಿದೆ. ಜೋಗೇಶ್ವರಿಯ ಬಾವಿಗೂ ಯಾರಾದರೂ ಮಣ್ಣು ತುಂಬಿದ್ದರೆ, ಇಂಥದೊಂದು ಜೀವ ನಮ್ಮ ಕಾಲಡಿ ಬದುಕಿದೆಯೆಂದು ನಮಗೆ ಗೊತ್ತೇ ಆಗುತ್ತಿರಲಿಲ್ಲ.

ನಿಮ್ಮ ಸೊಸೈಟಿಯ ಮೂಲೆಯಲ್ಲಿ ಹಳೆಯ ಬಾವಿಯಿದೆಯೇ? ಅದನ್ನು ಮುಚ್ಚಿ ಪಾರ್ಕಿಂಗ್ ಮಾಡೋಣವೆಂಬ ಮಾತು ಸಭೆಯಲ್ಲಿ ಬಂದರೆ ಎದ್ದು ನಿಂತು ಬೇಡ ಅನ್ನಿ. ಸೊಳ್ಳೆಯೂ ಕಸವೂ ಒಳಹೋಗದಂತೆ ಸಣ್ಣ ಕಣ್ಣಿನ ಬಲೆ ಹಾಕಿಸಿ. ಬೇಸಿಗೆಯಲ್ಲಿ ಕೆಸರು ತೆಗೆಸುವಾಗ ಬಕೆಟ್ಟಿನಲ್ಲಿ ಕೆಂಪಗೆ ಏನಾದರೂ ಹೊರಳಿದರೆ, ಹುಳುವೆಂದು ಗಟಾರಕ್ಕೆ ಚೆಲ್ಲಬೇಡಿ.