ಹಿರಿಯರ ಕಳವಳ ಭಕ್ತಿಯ ಕೊರತೆಯಲ್ಲ



ಕುರುಕ್ಷೇತ್ರದಲ್ಲಿ ಅರ್ಜುನನ ಬಾಯಿ ಒಣಗಿತು, ಮೈ ನಡುಗಿತು, ಗಾಂಡೀವವು ಕೈಜಾರಿತು. ಅವನು ಭಕ್ತನಲ್ಲವೆಂದು ಯಾರಾದರೂ ಹೇಳಿಯಾರೇ? ಆದರೆ ಇದೇ ಲಕ್ಷಣಗಳನ್ನು ನಮ್ಮ ಮನೆಯ ವೃದ್ಧರಲ್ಲಿ ಕಂಡಾಗ ನಾವು ಹಾಗೆಯೇ ಹೇಳಿಬಿಡುತ್ತೇವೆ.

ನಮ್ಮ ತೀರ್ಥರೂಪರು 40 ವರ್ಷ ದೇವರ ಪೂಜೆಯಲ್ಲಿ ಕಳೆದವರು. 70 ದಾಟಿದ ಮೇಲೆ ಅವರಿಗೆ ನಿದ್ರೆ ದೂರವಾಯಿತು. ನಡುರಾತ್ರಿ ಎದ್ದು, "ನಂದಾದೀಪ ಆರಿತೇ? ಗುಡಿಯ ಬಾಗಿಲು ಹಾಕಿದೆಯಾ? ಊರಿಗೆ ಹೋದ ಮಗು ತಲುಪಿತೇ?" ಎಂದು ಮತ್ತೆ ಮತ್ತೆ ಕೇಳುವರು. ತಿಂಗಳುಗಟ್ಟಲೆ ಹೀಗೆಯೇ ನಡೆಯಿತು. "ಹರಿಸ್ಮರಣೆ ಮಾಡಿ, ಸರಿಹೋಗುತ್ತದೆ" ಎಂದೆವು. ಒಂದು ದಿನ ಅವರು ಕಣ್ಣೀರು ತುಂಬಿ, "ಸ್ಮರಣೆ ಮಾಡುತ್ತಲೇ ಇದ್ದೇನೆ. ನನ್ನ ಭಕ್ತಿಯೇ ಸುಳ್ಳಿರಬೇಕು" ಎಂದರು. ರೋಗದ ಭಾರದ ಮೇಲೆ ಪಾಪದ ಭಯವನ್ನೂ ಹೇರಿದವರು ನಾವೇ ಎಂದು ಆಗ ತಿಳಿಯಿತು.

ಜಗತ್ತು ಸತ್ಯವೆಂಬುದು ಶ್ರೀಮದಾಚಾರ್ಯರ ಸಿದ್ಧಾಂತ. ಹಾಗಿರುವಾಗ ಮನಸ್ಸಿನ ರೋಗವೂ ಸತ್ಯ, ಅದರ ಚಿಕಿತ್ಸೆಯೂ ಸತ್ಯ. ಧನ್ವಂತರಿಯಾಗಿ ಅವತರಿಸಿದವನು ಶ್ರೀಹರಿಯೇ ಅಲ್ಲವೇ?

ವೈದ್ಯರ ಬಳಿಗೆ ಕರೆದೊಯ್ದೆವು. ಥೈರಾಯ್ಡ್ ಹೆಚ್ಚಾದರೂ, ಹೃದಯದ ಬಡಿತ ತಪ್ಪಿದರೂ, ಕೆಲವು ಔಷಧಗಳಿಂದಲೂ ಇಂಥ ಕಳವಳ ಉಂಟಾಗಬಹುದೆಂದು ಅವರು ಮೊದಲು ಅವನ್ನೇ ಪರೀಕ್ಷಿಸಿದರು. ತೀರ್ಥರೂಪರು ಅಂಗಡಿಯಿಂದ ತರಿಸಿ ನುಂಗುತ್ತಿದ್ದ ನಿದ್ರೆಯ ಮಾತ್ರೆಯ ವಿಷಯ ಆಗ ಹೊರಬಿದ್ದಿತು. ಅಂಥ ಮಾತ್ರೆಗಳಿಂದ ವೃದ್ಧರು ಬೀಳುವ, ಬುದ್ಧಿ ಮಂಕಾಗುವ ಅಪಾಯವುಂಟು. ಬಹುದಿನ ನುಂಗಿದ್ದನ್ನು ಥಟ್ಟನೆ ಬಿಡುವುದೂ ಅಪಾಯವೇ. ಆದ್ದರಿಂದ ವೈದ್ಯರು ಅದನ್ನು ಮೆಲ್ಲಮೆಲ್ಲನೆ ಇಳಿಸಿ, ಬೇರೊಂದು ಔಷಧವನ್ನು ಅಲ್ಪ ಪ್ರಮಾಣದಲ್ಲಿ ಆರಂಭಿಸಿದರು. ಅದು ಫಲ ಕೊಡಲು ಕೆಲವು ವಾರಗಳು ಬೇಕಾದವು.

ಜೊತೆಗೆ ಮನೋಚಿಕಿತ್ಸಕರು ಅವರೊಡನೆ ವಾರಕ್ಕೊಮ್ಮೆ ಮಾತನಾಡಿದರು, ನಮಗೂ ತಿಳಿಹೇಳಿದರು. ಪ್ರತಿಸಲವೂ ಬಾಗಿಲು ನೋಡಿ ಬಂದು ಧೈರ್ಯ ಹೇಳಿದರೆ ಕ್ಷಣಕಾಲ ಸಮಾಧಾನ, ಮರುಕ್ಷಣ ಮತ್ತೆ ಸಂಶಯ. ಆದುದರಿಂದ ಒಮ್ಮೆ ಮಾತ್ರ ಉತ್ತರಿಸಿ, ಅನಂತರ ಸುಮ್ಮನೆ ಪಕ್ಕದಲ್ಲಿ ಕುಳಿತಿರುವುದನ್ನು ಕಲಿತೆವು.

ಬಂಧುಗಳೇ, ಹಿರಿಯರ ಚಿಂತೆಯು ದಿನದಿನವೂ ಮುಂದುವರಿದು ಊಟನಿದ್ರೆಗಳನ್ನು ಕೆಡಿಸಿದರೆ "ವಯಸ್ಸಾಯಿತು" ಎಂದು ಸುಮ್ಮನಿರಬಾರದು. ವೈದ್ಯರಿಗೆ ತೋರಿಸಬೇಕು. 2022ರಲ್ಲಿ ಆರಂಭವಾದ ಸರ್ಕಾರದ ಟೆಲಿ ಮಾನಸ್ ಸೇವೆಗೆ 14416 ಸಂಖ್ಯೆಯಲ್ಲಿ ಕರೆ ಮಾಡಿದರೆ ಕನ್ನಡದಲ್ಲಿಯೇ ಉಚಿತವಾಗಿ ಸಲಹೆ ದೊರೆಯುತ್ತದೆ. ಹರಿಸ್ಮರಣೆ ಬೇಡವೆಂದಲ್ಲ, ಅದನ್ನು ಔಷಧದ ಬದಲಿಗೆ ನಿಲ್ಲಿಸಬಾರದು.

ತೀರ್ಥರೂಪರು ಈಗಲೂ ದೀಪದ ವಿಷಯ ಕೇಳುತ್ತಾರೆ. ಒಮ್ಮೆ ಕೇಳುತ್ತಾರೆ, ಅನಂತರ ಮಲಗುತ್ತಾರೆ.

ಶ್ರೀಕೃಷ್ಣಾರ್ಪಣಮಸ್ತು.