ಕುರ್ಚಿಯ ಬೆನ್ನಿನ ಅಕ್ಷರ

ಚಂಡೀಗಢದ ಹಳೇ ಸರ್ಕಾರಿ ಕುರ್ಚಿಗಳ ಬೆನ್ನಿನ ಮೇಲೆ ಬಣ್ಣದಲ್ಲಿ ಬರೆದ ಅಕ್ಷರ, ಅಂಕಿಗಳಿರುತ್ತವೆ. ಯಾವ ಕಚೇರಿಯದು, ಯಾವ ವಿಭಾಗದ್ದು, ದಾಸ್ತಾನು ಪುಸ್ತಕದಲ್ಲಿ ಎಷ್ಟನೆಯದು ಎಂಬ ಲೆಕ್ಕ ಅದು. ಬರೆದವನು ಕಲಾವಿದನಲ್ಲ, ಕುರ್ಚಿ ಮಾಡಿದ ಬಡಗಿಯೂ ಅಲ್ಲ. ಕುರ್ಚಿ ಕಳವಾಗದಿರಲಿ ಎಂದು ಸ್ಟೋರಿನವರು ಬರೆಸಿದ್ದು. ಇವತ್ತು ಅದೇ ಅಕ್ಷರವನ್ನು ಲಂಡನ್, ಪ್ಯಾರಿಸ್‌ಗಳ ಹರಾಜಿನ ಕೆಟಲಾಗುಗಳು ಫೋಟೋ ಸಮೇತ ಅಚ್ಚು ಹಾಕುತ್ತವೆ. ಅದಿದ್ದರೆ ಕುರ್ಚಿ ಅಸಲಿ, ಬೆಲೆ ಲಕ್ಷಗಳಲ್ಲಿ.

ನಾನು ಬೆಂಗಳೂರಿನಲ್ಲಿ ಹಳೇ ಕುರ್ಚಿ, ಮೇಜು, ಮಂಚ ರಿಪೇರಿ ಮಾಡುವವನು. ಹಗಲು ಮರದ ಪುಡಿ, ರಾತ್ರಿ ಊಟವಾದ ಮೇಲೆ ಅನ್ನಂಭಟ್ಟನ ತರ್ಕದ ಪುಸ್ತಕ ‘ತರ್ಕಸಂಗ್ರಹ’. ಈ ಎರಡೂ ನನ್ನನ್ನು ಕಾಡುವುದು ಒಂದೇ ಪ್ರಶ್ನೆಯಿಂದ: ಗುರುತು ಕಂಡ ಮಾತ್ರಕ್ಕೆ ನಿಜ ಕಂಡಂತಾಯಿತೇ?

ಈ ಕುರ್ಚಿಗಳ ಕಥೆ ಗೊತ್ತಿರುವಂಥದ್ದೇ. 1950ರ ದಶಕದಲ್ಲಿ ಹೊಸ ರಾಜಧಾನಿಯಾಗಿ ಚಂಡೀಗಢ ಎದ್ದಾಗ ವಾಸ್ತುಶಿಲ್ಪಿ ಲೆ ಕಾರ್ಬೂಸಿಯೆ ಆಗಾಗ ಬಂದು ಹೋಗುತ್ತಿದ್ದ. ಅವನ ದಾಯಾದಿ ಪಿಯೆರ್ ಜೀನರೆ ಮಾತ್ರ 1965ರವರೆಗೂ ಅಲ್ಲೇ ನಿಂತ. ಯೂಲಿ ಚೌಧರಿಯಂಥ ಭಾರತೀಯ ವಾಸ್ತುಶಿಲ್ಪಿಗಳೂ ಜೊತೆಗಿದ್ದರು. ಕುರ್ಚಿಗಳ ನಮೂನೆ ಇವರದು: ತೇಗ, ಶೀಶಮ್, ಬೆತ್ತ; ತಲೆಕೆಳಗಾದ ವಿ ಆಕಾರದ ಕಾಲುಗಳು. ಮಾಡಿದವರು ಅಲ್ಲಿನ ಕಾರ್ಖಾನೆಗಳ ಬಡಗಿಗಳು. ಅವರ ಹೆಸರು ಕುರ್ಚಿಯ ಮೇಲೆ ಎಲ್ಲೂ ಇಲ್ಲ. ದಶಕಗಳ ನಂತರ ಬೆತ್ತ ಹರಿದು, ಕಾಲು ಅಲುಗಾಡಿ, ಕಂಡೆಮ್ ಆಗಿ, ಗುಜರಿ ಬೆಲೆಗೆ ಹರಾಜಾದವು. ಕೊಂಡವರಲ್ಲಿ ಫ್ರಾನ್ಸಿನ ವ್ಯಾಪಾರಿಗಳಿದ್ದರು. ಕೇಂದ್ರ ಗೃಹ ಸಚಿವಾಲಯ ಇಂಥವನ್ನು ಮಾರಬೇಡಿ, ಹೊರಗೆ ಕಳಿಸಬೇಡಿ ಎಂದು ಆದೇಶ ಹೊರಡಿಸಿದ್ದು 2011ರಲ್ಲಿ.

ಚಂಡೀಗಢದ ಕುರ್ಚಿಗಳ ಕಾಲದ್ದೇ ಆದ ಅಮೆರಿಕದ ಕುರ್ಚಿಗಳ ರೀತಿ ಬೇರೆ. ಹರ್ಮನ್ ಮಿಲ್ಲರ್ ಕಂಪನಿ ಮಾಡಿದ ಈಮ್ಸ್ ಕುರ್ಚಿಯ ತಳದಲ್ಲಿ ಕಂಪನಿಯ ಲೇಬಲ್ ಇರುತ್ತದೆ. ಡೆನ್ಮಾರ್ಕಿನದ್ದಾದರೆ ಅಲ್ಲಿನ ಪೀಠೋಪಕರಣ ತಯಾರಕರ ನಿಯಂತ್ರಣ ಮುದ್ರೆ ಇರಬಹುದು. ಇವೆಲ್ಲ ಕೊಳ್ಳುವವನಿಗೆಂದೇ ಹೇಳಿದ ಮಾತು: ‘ಇದನ್ನು ಮಾಡಿದವರು ನಾವು, ನಂಬಿ.’ ಚಂಡೀಗಢದ ಅಕ್ಷರ ಕೊಳ್ಳುವವನಿಗೆ ಏನನ್ನೂ ಹೇಳುತ್ತಿರಲಿಲ್ಲ. ಅಂಥವನೊಬ್ಬ ಬಂದಾನು ಎಂಬ ಊಹೆಯೂ ಬರೆದವನಿಗಿರಲಿಲ್ಲ.

ತರ್ಕದವರು ಅನುಮಾನವನ್ನೂ, ಎಂದರೆ ಗುರುತಿನಿಂದ ತಿಳಿಯುವುದನ್ನೂ, ಶಬ್ದವನ್ನೂ, ಎಂದರೆ ಮಾತಿನಿಂದ ತಿಳಿಯುವುದನ್ನೂ, ಬೇರೆ ಬೇರೆ ಪ್ರಮಾಣವಾಗಿ ಇಟ್ಟಿದ್ದರ ಬೆಲೆ ನನಗೆ ತಿಳಿದದ್ದು ಇಲ್ಲಿ. ಬೆಟ್ಟದ ಮೇಲೆ ಹೊಗೆ ಕಂಡರೆ ಬೆಂಕಿಯಿದೆ ಎಂದು ತಿಳಿಯುತ್ತೇವೆ. ಹೊಗೆಗೆ ನಮಗೆ ತಿಳಿಸಬೇಕೆಂಬ ಇಚ್ಛೆಯಿಲ್ಲ, ಹಾಗಾಗಿ ಮೋಸ ಮಾಡುವ ಇಚ್ಛೆಯೂ ಇಲ್ಲ. ಮಂಜನ್ನೇ ಹೊಗೆ ಎಂದುಕೊಂಡರೆ ತಪ್ಪು ನೋಡಿದವನದ್ದು. ಮಾತು ಹಾಗಲ್ಲ. ಮಾತಿಗೆ ಆಡುವವನೊಬ್ಬ ಬೇಕು. ಅವನು ಆಪ್ತನಾಗಿದ್ದರೆ, ಎಂದರೆ ಇದ್ದದ್ದನ್ನು ಇದ್ದಂತೆ ಹೇಳುವವನಾಗಿದ್ದರೆ ಮಾತ್ರ ಅದು ಪ್ರಮಾಣ. ಸ್ಟೋರಿನ ಅಕ್ಷರ ಬಹುಕಾಲ ಹೊಗೆಯ ಜಾತಿಗೆ ಸೇರಿತ್ತು. ಅದಕ್ಕೆ ಬೆಲೆ ಬಂದ ದಿನ ಅದು ಮಾತಾಯಿತು. ಅಂದಿನಿಂದ ಆಡುವವನು ಯಾರೆಂದು ಕೇಳಲೇಬೇಕು.

ಒಬ್ಬ ಗಿರಾಕಿ ಚಂಡೀಗಢದ ನಮೂನೆಯ ಕುರ್ಚಿ ತಂದಿಳಿಸಿದರು. ಬೆತ್ತ ಹೆಣೆದದ್ದಾಯಿತು, ಪಾಲಿಶ್ ಆಯಿತು. ಹೋಗುವಾಗ, “ಮೇಸ್ತ್ರಿ, ಹಿಂದುಗಡೆ ಎರಡಕ್ಷರ, ಒಂದು ನಂಬರ್ ಹಾಕಿಸಿಬಿಡಿ. ಸ್ವಲ್ಪ ಮಾಸಿದ ಹಾಗಿರಲಿ” ಅಂದರು.

“ಯಾವ ಆಫೀಸಿನದು ಸಾರ್ ಇದು?”

“ಯಾವುದೋ ಒಂದು. ಆಫೀಸಿನದು ಅಂತ ಕಂಡರೆ ಸಾಕು.”

ನಾನು ಹಾಕಲಿಲ್ಲ. ಬೇರೆ ಯಾರಾದರೂ ಹಾಕಿಯೇ ಇರುತ್ತಾರೆ.

ಹಾಗೆ ಆಮೇಲೆ ಬರೆದದ್ದನ್ನು ಹಿಡಿಯುವುದು ಹೇಗೆ? ಅಕ್ಷರವನ್ನು ಓದುವುದಲ್ಲ, ಅದರ ಅಂಚನ್ನು ನೋಡುವುದು. ಕುರ್ಚಿಯನ್ನು ಬಾಗಿಲ ಬಳಿ ತಂದು, ಓರೆ ಬೆಳಕಿಗೆ ಹಿಡಿದು, ಭೂತಗನ್ನಡಿ ಇಟ್ಟು ನೋಡಬೇಕು. ಹಳೇ ಬರಹವಾದರೆ ಮರಕ್ಕೆ ಬಿದ್ದ ಗೀರು ಬಣ್ಣವನ್ನೂ ಕೊಯ್ದುಕೊಂಡು ಹೋಗಿರುತ್ತದೆ. ಹೊಸದಾದರೆ ಬಣ್ಣ ಗೀರಿನೊಳಕ್ಕೆ ಇಳಿದು ನಿಂತಿರುತ್ತದೆ. ಅಂದರೆ ಗೀರು ಮೊದಲು, ಅಕ್ಷರ ಆಮೇಲೆ. ಕುರ್ಚಿ ಎಳೆಯುವಾಗ ಕೈ ತಾಗುವ ಕಡೆ ಪಾಲಿಶ್ ಸವೆದು, ಬಣ್ಣ ಮಾತ್ರ ಗಟ್ಟಿಯಾಗಿದ್ದರೆ ಅದು ಹೊಸದೆಂಬುದರಲ್ಲಿ ಸಂಶಯವೇ ಬೇಡ. ಆಮೇಲೆ ಮಗುಚಿ ಹಾಕಿ ತಳ ನೋಡುತ್ತೇನೆ: ಮತ್ತೆ ಮತ್ತೆ ಬೆತ್ತ ಹೆಣೆದು ಹಿಗ್ಗಿದ ತೂತು, ಕಾಲಿನ ತುದಿಯ ಸವೆತ, ಒಂದೇ ಸೀಳಿನ ಸ್ಕ್ರೂಗಳ ನಡುವೆ ಯಾರೋ ಆಮೇಲೆ ತಿರುಗಿಸಿದ ಒಂದು ಸ್ಟಾರ್ ಸ್ಕ್ರೂ. ಇವು ಯಾವುವೂ ನನಗಾಗಿ ಆದವಲ್ಲ, ಆದ್ದರಿಂದಲೇ ನಂಬುತ್ತೇನೆ. ಆದರೆ ಇವುಗಳಿಗೂ ಬೆಲೆ ಬಂದ ದಿನ ತೂತು ಹಿಗ್ಗಿಸುವವರೂ ಹುಟ್ಟುತ್ತಾರೆ. ಹಾಗಾಗಿ ಒಂದು ಸಾಕ್ಷಿಯನ್ನು ನೆಚ್ಚುವಂತಿಲ್ಲ; ಹತ್ತು ಸಾಕ್ಷಿ ತಂತಾವೇ ಒಂದೇ ಮಾತು ಹೇಳುತ್ತವೆಯೇ ನೋಡಬೇಕು.

ವಚನಗಳನ್ನು ಸಂಪಾದಿಸುವ ವಿದ್ವಾಂಸರಿಗೂ ಇದೇ ಪಾಡು. ಕೊನೆಯಲ್ಲಿ ‘ಕೂಡಲಸಂಗಮದೇವ’ ಎಂದಿದ್ದ ಮಾತ್ರಕ್ಕೆ ಅದು ಬಸವಣ್ಣನವರದೇ ಎಂದು ಅವರು ಒಪ್ಪುವುದಿಲ್ಲ. ಹಸ್ತಪ್ರತಿ, ಭಾಷೆ, ವಿಚಾರದ ಹದ ಎಲ್ಲವನ್ನೂ ತೂಗುತ್ತಾರೆ. ಅಂಕಿತ ಯಾರು ಬೇಕಾದರೂ ಹಾಕಬಹುದಾದದ್ದು. ಅಷ್ಟೇ ಅಲ್ಲ, ಅದು ಕವಿಯ ಹೆಸರೂ ಅಲ್ಲ, ದೇವರದು. ಮಾಡಿದವನ ಹೆಸರಿಲ್ಲದ ಗುರುತು, ನಮ್ಮ ಕುರ್ಚಿಯ ಹಾಗೆಯೇ. ಒಂದೇ ವ್ಯತ್ಯಾಸ: ಕುರ್ಚಿಯ ಅಕ್ಷರ ‘ಇದು ನನ್ನ ಸೊತ್ತು’ ಅನ್ನುತ್ತದೆ, ಅಂಕಿತ ‘ಇದು ನನ್ನದಲ್ಲ’ ಅನ್ನುತ್ತದೆ.

ಹಾಗಾದರೆ ಯಾರಿಗೂ ತೋರಿಸಲೆಂದು ಹಾಕದ ಗುರುತೇ ಶ್ರೇಷ್ಠವೇ? ಹಣೆಯ ವಿಭೂತಿ, ಕೊರಳ ರುದ್ರಾಕ್ಷಿ, ನಾಮ, ಮುದ್ರೆ ಎಲ್ಲ ಬರೀ ತೋರಿಕೆಯೇ? ಹಾಗೆ ಹೇಳುವುದು ಸುಲಭ, ನನಗೆ ಒಪ್ಪಿಗೆಯಿಲ್ಲ. ಲಾಂಛನ ಇರುವುದೇ ಕಾಣಲಿಕ್ಕೆ. ಜಾತಿ ಕೇಳಬೇಡ, ಶರಣನೆಂದು ತಿಳಿ ಎಂದು ಎದುರಿಗಿರುವವನಿಗೆ ಹೇಳಲಿಕ್ಕೆ. ಅದು ಹೊಗೆಯಲ್ಲ, ತಿಳಿದೇ ಆಡಿದ ಮಾತು. ಮಾತೆಂದ ಮೇಲೆ ಆಡಿದವನು ಅದರ ಹಿಂದೆ ನಿಲ್ಲಬೇಕು. ಗಿರಾಕಿ ಕೇಳಿದ ಎರಡಕ್ಷರದ ದೋಷ ಅದು ಹೊಸದೆಂಬುದಲ್ಲ. ಅದರ ಹಿಂದೆ ಯಾರೂ ನಿಲ್ಲುವುದಿಲ್ಲ ಎಂಬುದು. ಬರೆದವನೂ ಬರೆಸಿದವನೂ ಮರೆಯಾಗಿ, ಇಲ್ಲದ ಒಬ್ಬ ಗುಮಾಸ್ತನ ಬಾಯಲ್ಲಿ ಮಾತಾಡಿಸಬೇಕು. ಸುಳ್ಳು ಲಾಂಛನದ ಗುಣವೂ ಇದೇ: ಹೊತ್ತವನು ತಾನು ಹೊಣೆಯಾಗದೆ ಪರಂಪರೆಯನ್ನು ಸಾಕ್ಷಿಗೆ ಎಳೆಯುತ್ತಾನೆ.

ನನ್ನ ಕೈಯಿಂದ ಹೊರಗೆ ಹೋಗುವ ಹಳೇ ಕುರ್ಚಿಯ ತಳದಲ್ಲಿ ಪೆನ್ಸಿಲ್‌ನಿಂದ ಬರೆದಿಡುತ್ತೇನೆ: ಎಡಗಾಲು ಹೊಸದು, ಬೆತ್ತ ಹೊಸದು, ಇಸವಿ ಇಷ್ಟು, ಕೆಲಸ ಇಂಥವನದು. ಹಾಗೆ ಬರೆದರೆ ಬೆಲೆ ಇಳಿಯುತ್ತದೆ ಎಂದು ವ್ಯಾಪಾರಿಗಳು ಗೊಣಗುತ್ತಾರೆ. ಇಳಿಯಲಿ. ಮರವನ್ನು ಪರೀಕ್ಷೆ ಮಾಡುವವನಿಗೆ ನಾಳೆ ನನ್ನನ್ನೂ ಪರೀಕ್ಷೆ ಮಾಡುವ ದಾರಿ ಬಿಟ್ಟಿರಬೇಕು.